ಗರುಡ ಬರದ ಶನಿವಾರ

ಕೆರೆ ಇಳಿಯುವಾಗ ಬರುವ ವಾಸನೆ ಯಾರೂ ಮೆಚ್ಚುವಂಥದ್ದಲ್ಲ. ಕೊಳೆತ ಜೊಂಡು, ಸತ್ತ ಬಸವನಹುಳು, ಬಿಸಿಲಿಗೆ ಬಿರಿಯುತ್ತಿರುವ ಕೆಸರು, ಇವೆಲ್ಲದರ ಮೇಲೆ ಒಂದಿಷ್ಟು ಮೀನಿನ ನಾತ. ಮೊನ್ನೆ ಮಾಯಸಂದ್ರದ ಕಡೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೊರಟವಳು ದಾರಿಯಲ್ಲಿ ಅಜ್ಜಿಯ ಊರಿನ ಕೆರೆ ಏರಿಯ ಮೇಲೆ ಬಸ್ಸಿಳಿದೆ. ಅದೇ ವಾಸನೆ ಮುಖಕ್ಕೆ ಹೊಡೆಯಿತು. ನನ್ನ ಜೊತೆ ಇಳಿದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ಬಿರಬಿರನೆ ನಡೆದಳು. ನಾನು ನಿಂತಲ್ಲೇ ನಿಂತು ಎದೆ ತುಂಬ ಎಳೆದುಕೊಂಡೆ. ಅರವತ್ತು ದಾಟಿದ ನಿವೃತ್ತ ಮೇಡಂ ಹೀಗೆ ಕೆಸರು ಮೂಸುತ್ತಾ ನಿಂತಿರುವುದನ್ನು ನನ್ನ ಹಳೆಯ ಶಿಷ್ಯರು ಯಾರಾದರೂ ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ.

ಅಲ್ಲಿ ಇಳಿಯಲು ಕಾರಣವಿತ್ತು. ಹೋದ ತಿಂಗಳು ತುಮಕೂರಿನಲ್ಲಿ ನನ್ನ ಕಣ್ಣಿನ ಪೊರೆ ತೆಗೆದರು. ತೆಗೆದರು ಅಂದರೆ ಏನು ಮಹಾ, ಬೆಳಿಗ್ಗೆ ಹೋದೆ, ಮಧ್ಯಾಹ್ನ ಮನೆಗೆ ಬಂದು ಅನ್ನ ಸಾರು ಉಂಡೆ. ಮರುದಿನ ಪೇಪರು ಓದಿದೆ. ನಮ್ಮಜ್ಜಿಗೆ ಇದೇ ಪೊರೆ ತೆಗೆಸಲು ಮನೆಯವರೆಲ್ಲ ಪಟ್ಟ ಪಾಡು ಆಗ ನೆನಪಾಗಿ, ಅಳಬಾರದು ಅಂತ ಡಾಕ್ಟರು ಹೇಳಿದ್ದರೂ ಅತ್ತುಬಿಟ್ಟಿದ್ದೆ.

ಅದು ಎಪ್ಪತ್ತೆಂಟನೆಯ ಇಸವಿ. ನನ್ನ ಪಿಯುಸಿ ಮುಗಿದಿತ್ತು, ಮೇಷ್ಟರ ತರಬೇತಿಯ ಟಿ.ಸಿ.ಎಚ್. ಸೀಟು ಸಿಕ್ಕಿರಲಿಲ್ಲ. ಓದೂ ಇಲ್ಲದೆ ಕೆಲಸವೂ ಇಲ್ಲದೆ ಹುಡುಗಿ ಮನೆಯಲ್ಲಿ ಕೂತಿದ್ದರೆ ಹೋಗಿ ಬರುವವರೆಲ್ಲ ಗಂಡು ಹುಡುಕಿಕೊಡುತ್ತಾರೆ ಅಂತ ನಮ್ಮಮ್ಮ ನನ್ನನ್ನು ತನ್ನ ತವರಿಗೆ ಸಾಗಹಾಕಿದಳು. ಅಜ್ಜಿಗೆ ಕಣ್ಣು ಮಂಜಾಗಿದೆ, ಜೊತೆಗೆ ಒಬ್ಬರು ಬೇಕು ಅನ್ನುವ ನೆಪ ಹೇಗೂ ಇತ್ತು. ದೀಪಾವಳಿ ಮುಗಿದ ವಾರಕ್ಕೆ ಒಂದು ತಗಡಿನ ಪೆಟ್ಟಿಗೆ ಹಿಡಿದು ಬಂದಿಳಿದೆ.

ಅಜ್ಜಿಯ ಹೆಸರು ಲಕ್ಕಮ್ಮ. ಕುಳ್ಳಗೆ, ಕಪ್ಪಗೆ, ಗಟ್ಟಿಮುಟ್ಟಾಗಿದ್ದಳು. ತಾತ ಹೋಗಿ ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಅಜ್ಜಿ, ಅವಳ ಒಬ್ಬನೇ ಮಗ ರಂಗಸ್ವಾಮಿ ಮಾವ, ಅತ್ತೆ, ಅಷ್ಟೇ. ಮಾವ ಆಳೆತ್ತರದ ಮನುಷ್ಯ. ತೋಟ, ಕಾಯಿ, ಕೊಬ್ಬರಿ ಬಿಟ್ಟರೆ ಅವನಿಗೆ ಪ್ರೀತಿಯಿದ್ದದ್ದು ಊಟದ ಮೇಲೆ. ಮುದ್ದೆ ಮಾಡಿದ ದಿನ ಅತ್ತೆ ಅವನ ಲೆಕ್ಕವನ್ನು ಬೇರೆಯೇ ಹಾಕುತ್ತಿದ್ದಳು. ಹಸಿವಾದರೆ ಅವನಿಗೆ ಕೋಪ, ಕೋಪ ಬಂದರೆ ಮತ್ತೆ ಹಸಿವು.

ಕಣ್ಣು ಕಾಣದಿದ್ದರೂ ಅಜ್ಜಿ ಒಂದು ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನಮ್ಮ ಕಡೆ ತೆಂಗಿನಕಾಯಿಯನ್ನು ಕಿತ್ತ ಮೇಲೆ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಅಲ್ಲೇ ಹೆಚ್ಚು ಕಡಿಮೆ ಒಂದು ವರ್ಷ ಬಿದ್ದಿದ್ದು, ಒಳಗಿನ ನೀರು ಆರಿ, ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಅಂತ ಒಡೆದು ನೋಡುವ ಹಾಗಿಲ್ಲವಲ್ಲ. ಅಜ್ಜಿ ಕಾಯನ್ನು ಕಿವಿಯ ಹತ್ತಿರ ಹಿಡಿದು, ತಲೆ ಒಂದಿಷ್ಟು ವಾಲಿಸಿ, ಅಲ್ಲಾಡಿಸುವಳು. ಬುಳುಕ್ ಅಂದರೆ ಇನ್ನೂ ನೀರಿದೆ, ಗಡಗಡ ಅಂದರೆ ಉಂಡೆ ಬಿಟ್ಟುಕೊಂಡಿದೆ. ಎರಡರ ನಡುವಿನದನ್ನು ಕೇಳಿ, "ಇದು ಯುಗಾದಿಗೆ" ಅಂತ ಪಕ್ಕಕ್ಕಿಡುವಳು. ಯಾರಾದರೂ ಮಾತಾಡುವಾಗಲೂ ಅವಳು ಹಾಗೇ ತಲೆ ವಾಲಿಸಿ ಕೂರುತ್ತಿದ್ದಳು. ಒಳಗೆ ನೀರಿದೆಯೋ ಉಂಡೆಯಿದೆಯೋ ಅಂತ ನೋಡ್ತಿದಾಳೆ ಅಂತ ಅತ್ತೆ ನಗುತ್ತಿದ್ದಳು.

ಇನ್ನು ಶನಿವಾರದ ಕತೆ. ಮಾವ ಚಿಕ್ಕವನಿದ್ದಾಗ ವಿಷಮಶೀತ ಜ್ವರ ಬಂದು ಕಣ್ಣು ಬಿಡದೆ ಮಲಗಿದ್ದನಂತೆ. ಪಂಡಿತರು ಕೈಚೆಲ್ಲಿದ್ದರು. ಒಂದು ಶನಿವಾರ ಅಜ್ಜಿ ಅಂಗಳದಲ್ಲಿ ಕೂತು ಮನೆದೇವರು ತಿಮ್ಮಪ್ಪನಿಗೆ ಮೊರೆಯಿಡುತ್ತಿದ್ದಾಗ, ಮನೆಯ ಮೇಲೆ ಗರುಡ ಸುತ್ತು ಹಾಕಿತಂತೆ. ಒಳಗಿನಿಂದ ಮಗು "ಅವ್ವ, ನೀರು" ಅಂದಿತಂತೆ. ಅವತ್ತಿನಿಂದ ಅಜ್ಜಿಯದು ಹರಕೆ: ಶನಿವಾರ ಗರುಡನನ್ನು ಕಣ್ಣಾರೆ ನೋಡುವ ತನಕ ತುತ್ತು ಎತ್ತುವುದಿಲ್ಲ. ಹರಕೆ ತಪ್ಪಿದರೆ ಮಗನಿಗೆ ಏನಾದರೂ ಆದೀತು ಅನ್ನುವ ಭಯ, ಆ ಮಗನಿಗೆ ಮೀಸೆ ಬಂದು, ಹೊಟ್ಟೆ ಬಂದು, ತಲೆ ನರೆಯಲು ಶುರುವಾದರೂ ಹೋಗಿರಲಿಲ್ಲ.

ಕಣ್ಣು ಚೆನ್ನಾಗಿದ್ದಾಗ ಇದೇನು ಕಷ್ಟದ ಹರಕೆಯಲ್ಲ. ಕೆರೆಯ ಪಕ್ಕದ ಅರಳಿಮರದಲ್ಲಿ ಗರುಡದ ಜೋಡಿಯಿತ್ತು. ಸ್ನಾನ ಮಾಡಿ ಏರಿಯ ಮೇಲೆ ಹೋಗಿ ನಿಂತರೆ ಬೆಳಗಿನ ಹೊತ್ತಿಗೇ ದರ್ಶನವಾಗುತ್ತಿತ್ತು. ನಾನು ಅಲ್ಲಿಗೆ ಹೋದ ವರ್ಷ ಮಾತ್ರ ಪೊರೆ ಎಷ್ಟು ಬೆಳೆದಿತ್ತೆಂದರೆ, ಗರುಡ ತಲೆಯ ಮೇಲೇ ಹಾದುಹೋದರೂ ಅವಳಿಗೆ ಬೆಳಕಿನಲ್ಲಿ ಏನೋ ಅಲುಗಿದ ಹಾಗೆ ಆಗುತ್ತಿತ್ತು, ಅಷ್ಟೇ. ಅದರ ಎದೆಯ ಬಿಳುಪು ಕಂಡರೆ ಮಾತ್ರ ಕಂಡಂತೆ ಅನ್ನುವುದು ಅವಳ ಲೆಕ್ಕ. ಸುಮಾರು ಶನಿವಾರ ಸಂಜೆಯಾದರೂ ಕಾಣದೆ, ಉಪವಾಸ ಮಲಗಿ, ಭಾನುವಾರ ಮತ್ತೆ ಕೆರೆಗೆ ಹೊರಡುವಳು. ಮೈ ಇಳಿಯುತ್ತಾ ಬಂದಿತ್ತು. ಕೈಯ ಬೆಳ್ಳಿ ಕಡಗ ಮೊಣಕೈವರೆಗೂ ಜಾರುತ್ತಿತ್ತು.

ಹಾಗೆ ನನ್ನ ಪಾಲಿಗೆ ಶನಿವಾರ ಕೆರೆ ಕಾಯುವ ಕೆಲಸ ಬಂತು. ತೂಬಿನ ಹತ್ತಿರ ಒಂದು ಹೊಂಗೆಮರ. ಅದರ ಬುಡದಲ್ಲಿ ಗೋಣಿಚೀಲ ಹಾಸಿ ಅಜ್ಜಿಯನ್ನು ಕೂರಿಸಿ, ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ಗರುಡ ಇದ್ದ ಕಡೆಗೆ ತಿರುಗಿಸುವುದು. "ಅಗೋ ಅಜ್ಜಿ, ಅರಳಿಮರದ ಮೇಲಿಂದ ಬಂತು, ಈಗ ನೀರಿನ ಮೇಲೆ, ಈಗ ನಿನ್ನ ನೆತ್ತಿಗೆ." "ಎಲ್ಲೇ?" "ನೆತ್ತಿಗೆ ಅಜ್ಜಿ!" "ಕಾಣ್ಲಿಲ್ಲ ಬುಡೇ." ಮತ್ತೆ ಕಾಯುವುದು.

ಕಾಯುವುದು ಅಂದರೆ ಬೇಜಾರು. ಬೇಜಾರಿಗೆ ನಾನು ಕೆಳಗೆ ನೋಡತೊಡಗಿದೆ. ಕೆರೆ ವಾರ ವಾರಕ್ಕೂ ಇಳಿಯುತ್ತಿತ್ತು. ನೀರು ಹಿಂದಕ್ಕೆ ಸರಿದಂತೆ ಕೆಸರಿನ ಪಟ್ಟಿ ಅಗಲವಾಗಿ, ಅದರ ತುಂಬ ಹಕ್ಕಿಗಳು. ಎಲ್ಲಿಂದ ಬಂದವೋ, ನನಗಾಗ ಒಂದರ ಹೆಸರೂ ಗೊತ್ತಿರಲಿಲ್ಲ. ತೇನೆಹಕ್ಕಿಯೊಂದನ್ನು ಬಿಟ್ಟರೆ ಅಜ್ಜಿಗೂ ಗೊತ್ತಿರಲಿಲ್ಲ. ಅವಳು ಕೇಳುವಳು, ನಾನು ಹೇಳುವೆ, ಇಬ್ಬರೂ ಸೇರಿ ಹೆಸರಿಡುವುದು. ಉದ್ದನೆಯ ಕೆಂಪು ಕಾಲಿನ ಮೇಲೆ ನೀರಲ್ಲಿ ನಡೆಯುವವರು ಕೋಲುಗಾಲಿನೋರು. ನಿಂತಲ್ಲಿ ನಿಲ್ಲದೆ ಹಿಂಭಾಗ ಅಲ್ಲಾಡಿಸುವುದು ಸೊಂಟ ಕುಣಿಸೋಳು. ಇನ್ನೊಂದು ಪುಟಾಣಿ, ಕತ್ತಿಗೆ ಕಪ್ಪು ಪಟ್ಟಿಯದು, ಗುಡುಗುಡು ಓಡಿ ಗಕ್ಕನೆ ನಿಂತು, ಮತ್ತೆ ಓಡಿ ಮತ್ತೆ ನಿಲ್ಲುತ್ತಿತ್ತು. ಅದನ್ನು ವಿವರಿಸಿದಾಗ ಅಜ್ಜಿ, "ಒಳಕ್ ಬಂದು ಯಾಕ್ ಬಂದೆ ಅಂತ ಮರ್ತು ನಿಂತ್ಕತಾಳಲ್ಲ ನಿಮ್ಮತ್ತೆ, ಹಂಗೆ" ಅಂದಳು. ಅದಕ್ಕೆ ಮರೆಗುಳಿ ಅಂತ ಹೆಸರಾಯಿತು. ಅತ್ತೆಗೆ ಹೇಳಲಿಲ್ಲ.

"ಕೋಲುಗಾಲಿನೋರ ಕಾಲು ಕೆಂಪು ಅಂತೀಯಲ್ಲ, ಎಂಥಾ ಕೆಂಪೇ?"

"ಕುಂಕುಮಕ್ಕೆ ಹಾಲು ಹಾಕ್ದಂಗೆ ಅಜ್ಜಿ."

"ಸುಳ್ಳು ಬಡೀಬ್ಯಾಡ. ಹಕ್ಕಿಗ್ ಎಲ್ಲಾದ್ರೂ ಅಂಥಾ ಕಾಲಿರ್ತದಾ?"

ಇವುಗಳ ಜೊತೆಗೆ ಇನ್ನೊಬ್ಬನಿದ್ದ. ದೊಡ್ಡ ಹಕ್ಕಿ, ಹದ್ದಿನ ಜಾತಿ, ಆದರೆ ಹದ್ದಿನಂತೆ ಎತ್ತರಕ್ಕೆ ಹೋಗದೆ ಜೊಂಡಿನ ಮೇಲೆ ತೀರ ಕೆಳಗೆ, ರೆಕ್ಕೆಯನ್ನು ತುಸು ಮೇಲಕ್ಕೆತ್ತಿ, ಸದ್ದಿಲ್ಲದೆ ತೇಲಿಕೊಂಡು ಬರುತ್ತಿದ್ದ. ಕಂದು ಮೈ, ಬೆಣ್ಣೆ ಬಣ್ಣದ ತಲೆ. ಅವನು ಕಂಡದ್ದೇ ತಡ, ಕೆಸರಿನ ಮೇಲಿದ್ದ ಸಣ್ಣವೆಲ್ಲ ಒಟ್ಟಿಗೆ ಭರ್ರನೆ ಎದ್ದುಬಿಡುತ್ತಿದ್ದವು. ತೇನೆಹಕ್ಕಿ ಬಾಯಿ ಬಡಿದುಕೊಳ್ಳುತ್ತಿತ್ತು. ಗರುಡ ಬಂದರೆ ಹಾಗಲ್ಲ, ಅವು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ತಮ್ಮ ಪಾಡಿಗೆ ಕೆಸರು ಕುಕ್ಕುತ್ತಿದ್ದವು. ಇದನ್ನು ನಾನು ಹೇಳಿದಾಗ ಅಜ್ಜಿ ತಲೆ ವಾಲಿಸಿ ಕೇಳಿಸಿಕೊಂಡು, ಅವನಿಗೆ ಕಳ್ಳ ಅಂತ ಹೆಸರಿಟ್ಟಳು. ಜೌಗು ಸೆಳೆವ ಅನ್ನುವುದು ಅವನ ಪುಸ್ತಕದ ಹೆಸರು ಅಂತ ನಾನು ಟೀಚರಾದ ಮೇಲೆ ತಿಳಿಯಿತು. ನನಗೆ ಇವತ್ತಿಗೂ ಅವನು ಕಳ್ಳನೇ.

ಧನುರ್ಮಾಸದ ಒಂದು ಶನಿವಾರ. ಚಳಿ. ಮಧ್ಯಾಹ್ನ ತಿರುಗಿದರೂ ಅಜ್ಜಿಗೆ ಗರುಡ ಕಂಡಿರಲಿಲ್ಲ. ಹಿಂದಿನ ಶನಿವಾರವೂ ಉಪವಾಸವಾಗಿತ್ತು. ಮಾವ ಊಟ ಮುಗಿಸಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಏರಿಯ ಮೇಲೆ ಬಂದ. ಸ್ವಲ್ಪ ಹೊತ್ತು ನಮ್ಮ ಪಕ್ಕ ನಿಂತಿದ್ದ. ಆಮೇಲೆ ಇದ್ದಕ್ಕಿದ್ದಂತೆ ಕೂಗಿದ:

"ಅವ್ವ! ಅಗೋ ಗರುಡ! ತಲೆ ಬಿಳುಪು, ಮೈ ಕೆಂಪು. ಕೈ ಮುಗಿ ಬೇಗ, ನಡಿ ಉಣ್ಣಾನ."

ನೋಡಿದೆ. ಜೊಂಡಿನ ಮೇಲೆ ಬರುತ್ತಿದ್ದವನು ಕಳ್ಳ. ದೂರದಿಂದ ನೋಡಿದರೆ, ಅದರಲ್ಲೂ ಗರುಡನೇ ಆಗಿರಲಿ ಅಂತ ಹಂಬಲಿಸಿ ನೋಡಿದರೆ, ಯಾರಿಗಾದರೂ ಹಾಗೆ ಕಾಣಬಹುದಿತ್ತು. ಬೇಕೆಂದೇ ಹೇಳಿದನೋ, ನಂಬಿಯೇ ಹೇಳಿದನೋ ಗೊತ್ತಿಲ್ಲ. ಕೊನೆಯವರೆಗೂ ಮಾವ, "ನಾನು ಗರುಡ ಅಂತ್ಲೇ ತಿಳ್ಕಂಡಿದ್ದೆ" ಅಂತ ವಾದಿಸುತ್ತಿದ್ದ.

ಅಜ್ಜಿಯ ಕೈ ಅರ್ಧಕ್ಕೆ ಎದ್ದಿತ್ತು. "ಹೌದೇನೇ ಸುಸೀಲಿ?" ಅಂದಳು.

ನನ್ನ ಹೆಸರು ಸುಶೀಲ. ಮಾವ ಅಜ್ಜಿಯ ಬೆನ್ನ ಹಿಂದಿನಿಂದ ನನಗೆ ಕಣ್ಣು ಸನ್ನೆ ಮಾಡಿದ. ನಾನು ಬಾಯಿ ತೆರೆಯುವ ಮೊದಲೇ ಕೆಸರಿನ ಮೇಲಿದ್ದ ಹಕ್ಕಿಗಳೆಲ್ಲ ಭರ್ರನೆ ಎದ್ದವು. ಪೀ ಪೀ ಅಂತ ನೂರು ಕೊರಳು. ತೇನೆಹಕ್ಕಿ ಶುರು ಹಚ್ಚಿತು. ಅಜ್ಜಿ ಕೈ ಇಳಿಸಿದಳು.

"ಗರುಡ ಬಂದ್ರೆ ಇವು ಏಳಾಕಿಲ್ಲ ಕಣ್ಲಾ ರಂಗ. ಇವ್ನು ಕಳ್ಳ. ನೀನು ಹೋಗ್ ಮಲಿಕ್ಕೋ, ಉಂಡಿದೀಯ."

ಮಾವನ ಮುಖ ನೋಡಬೇಕಿತ್ತು. ನಗು ತಡೆಯಲಾಗದೆ ನಾನು ಹೊಂಗೆಮರದ ಕಡೆ ತಿರುಗಿದೆ. ಆದರೆ ಸಂಜೆ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗುವಾಗ ಅಜ್ಜಿ, "ಅವತ್ತು ನಿನ್ ಬಾಯಲ್ಲಿ ಏನು ಬತ್ತಿತ್ತೇ?" ಅಂದಳು. ಅವತ್ತು ಅಂದರೆ ಅದೇ ಮಧ್ಯಾಹ್ನ. ಅಷ್ಟರಲ್ಲೇ ಅವಳಿಗೆ ಅದು ಹಳೆಯದಾಗಿತ್ತು. ಏನು ಬರುತ್ತಿತ್ತೋ ನನಗೇ ಗೊತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ತಿಪಟೂರಿನ ಒಂದು ಛತ್ರದಲ್ಲಿ ಕಣ್ಣಿನ ಕ್ಯಾಂಪು ನಡೆಯುತ್ತದೆ ಅಂತ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಸಾರಿದರು. ಪುಕ್ಕಟೆ ಆಪರೇಷನ್ನು, ಪುಕ್ಕಟೆ ಕನ್ನಡಕ. ಮಾವ ಕುಣಿದಾಡಿಬಿಟ್ಟ. ಅಜ್ಜಿ ಮೊದಲು ಕೇಳಿದ ಪ್ರಶ್ನೆ, "ಕಣ್ಗೆ ಬಟ್ಟೆ ಎಷ್ಟ್ ದಿನ ಕಟ್ತಾರಂತೆ?" ಆ ಕಾಲದಲ್ಲಿ ಒಂದು ಕಣ್ಣಿಗೆ ಆಪರೇಷನ್ ಮಾಡಿದರೂ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲ್ಲಾಡಿಸದಂತೆ ವಾರಗಟ್ಟಲೆ ಮಲಗಿಸುತ್ತಿದ್ದರು. ವಾರ ಅಂದರೆ ನಡುವೆ ಶನಿವಾರ ಬಂದೇ ಬರುತ್ತದಲ್ಲ.

"ಆಗಾಕಿಲ್ಲ ಬುಡು" ಅಂದಳು ಅಜ್ಜಿ.

ಮಾವ ಬೇಡಿಕೊಂಡ, ಬೈದ, ಊಟದ ತಟ್ಟೆ ತಳ್ಳಿ ಎದ್ದ. ಅವನು ತಟ್ಟೆ ತಳ್ಳಿದ್ದು ನೋಡಿ ಅತ್ತೆಗೆ ಗಾಬರಿಯಾಯಿತು. ಅಜ್ಜಿ ಮಾತ್ರ, "ನಿನ್ ಜೀವ ಉಳಿಸಿದ ಹರಕೆ ಕಣ್ಲಾ. ನನ್ ಕಣ್ಣಿಗೋಸ್ಕರ ಅದನ್ನ ಮುರಿಯಾಕಾಯ್ತದಾ? ಕಣ್ಣಿಲ್ದಿದ್ರೂ ಕಾಯಿ ಅಲ್ಲಾಡಿಸ್ತೀನಿ" ಅಂದಳು. ಇನ್ನೊಂದು ವರ್ಷ ಬಿಟ್ಟರೆ ಕಣ್ಣು ಪೂರ್ತಿ ಹೋಗುತ್ತದೆ ಅಂತ ತುರುವೇಕೆರೆಯ ಡಾಕ್ಟರು ಹೇಳಿದ್ದರು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ಅಟ್ಟದ ಕೆಳಗೆ ಗೋಡೆಗೆ ಒರಗಿ, ಬೆಳಕು ಬರುತ್ತಿದ್ದ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ನಾನು ಹೋಗಿ ಅವಳ ಪಕ್ಕ ಕೂತೆ.

"ನಾನ್ ನೋಡ್ಕಂಡ್ ಬಂದು ಹೇಳ್ತೀನಿ ಅಜ್ಜಿ" ಅಂದೆ. "ತಿಪಟೂರಲ್ಲೂ ಕೆರೆ ಐತೆ. ಗರುಡ ಇರ್ತದೆ. ಪಟ್ಟಿ ಬಿಚ್ಚೋಗಂಟ ನನ್ ಕಣ್ಣೇ ನಿನ್ ಕಣ್ಣು ಅಂದ್ಕೋ."

ಅಜ್ಜಿ ತಲೆ ವಾಲಿಸಿದಳು. ಆಮೇಲೆ, "ಕಂಡ್ರೆ ಕಂಡೆ ಅನ್ಬೇಕು, ಕಾಣ್ದಿದ್ರೆ ಇಲ್ಲ ಅನ್ಬೇಕು. ಸ್ವಾಮಿಗೆ ನಾನು ಹೇಳ್ಕತೀನಿ" ಅಂದಳು.

ಛತ್ರದ ನೆಲದ ಮೇಲೆ ಸಾಲಾಗಿ ಹಾಸಿಗೆ. ಎಲ್ಲರ ಕಣ್ಣಿಗೂ ಬಿಳಿ ಪಟ್ಟಿ. ಕೆಮ್ಮಬೇಡಿ, ಅಳಬೇಡಿ, ಗಟ್ಟಿ ಪದಾರ್ಥ ಅಗಿಯಬೇಡಿ ಅಂತ ನರ್ಸಮ್ಮ ಸಾಲಿನುದ್ದಕ್ಕೂ ಹೇಳಿಕೊಂಡು ಓಡಾಡುತ್ತಿದ್ದರು. "ಮುದ್ದೆ ಅಗಿಯಂಗಿಲ್ಲ ಕಣವ್ವ, ನುಂಗೋದು. ಅದನ್ನ್ ಕೊಡಬೌದಲ್ಲ?" ಅಂತ ಅಜ್ಜಿ ವಾದಕ್ಕೆ ನಿಂತಳು. ಅಕ್ಕಪಕ್ಕದ ಪಟ್ಟಿಯ ಮುದುಕರೆಲ್ಲ ಹೌದು ಹೌದು ಅಂದರು. ಆಪರೇಷನ್ ಚೆನ್ನಾಗಿಯೇ ಆಯಿತು. ಶುಕ್ರವಾರ ರಾತ್ರಿ ಗಂಜಿ ಕುಡಿದು ಮಲಗಿದಳು.

ಶನಿವಾರ ಬೆಳಿಗ್ಗೆಯೇ ನಾನು ಕೆರೆಗೆ ಹೋದೆ. ತಿಪಟೂರು ನನಗೆ ಹೊಸದಲ್ಲ, ಆದರೆ ಆ ಕೆರೆಯ ಹಕ್ಕಿಗಳ ದಾರಿ ಹೊಸದು. ಹದ್ದುಗಳು ಬೇಕಾದಷ್ಟಿದ್ದವು. ಕೊಬ್ಬರಿ ಮಂಡಿಗಳ ಮೇಲೆ ಸುತ್ತುತ್ತಿದ್ದವು. ಒಂದೊಂದನ್ನೂ ಗರುಡ ಅಂದುಕೊಂಡು ಹತ್ತಿರ ಬರುವವರೆಗೆ ಕಾದೆ. ಒಂದೂ ಅಲ್ಲ. ಬಿಸಿಲೇರಿತು. ಗಂಟಲು ಒಣಗಿತು. ಕೆಸರಿನಲ್ಲಿ ನಮ್ಮವರೆಲ್ಲ ಇದ್ದರು. ಕೋಲುಗಾಲಿನೋರು, ಸೊಂಟ ಕುಣಿಸೋಳು, ಓಡಿ ಓಡಿ ನಿಲ್ಲುವ ಮರೆಗುಳಿ. ಗುರುತಿನವರನ್ನು ಪರ ಊರಲ್ಲಿ ಕಂಡ ಹಾಗೆ ಖುಷಿಯಾಯಿತು. ಆ ಖುಷಿಯಲ್ಲೇ ಇದ್ದಾಗ ಅವೆಲ್ಲ ಭರ್ರನೆ ಎದ್ದವು. ಕಳ್ಳ! ಇಲ್ಲೂ ಬಂದಿದ್ದ. ಜೊಂಡಿನ ಮೇಲೆ ತೇಲಿಕೊಂಡು ಬಂದು, ಏನೂ ಸಿಗದೆ, ಆಚೆ ದಡಕ್ಕೆ ಹೋದ. ಗರುಡ ಮಾತ್ರ ಬರಲೇ ಇಲ್ಲ. ಮಧ್ಯಾಹ್ನ ಕಳೆದ ಮೇಲೆ ಇನ್ನು ಕಾಯುವ ಧೈರ್ಯವಾಗದೆ ಹಿಂದಿರುಗಿದೆ.

ಛತ್ರದ ಮೆಟ್ಟಿಲ ಮೇಲೆ ಮಾವ ಕಾದು ನಿಂತಿದ್ದ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ಕಾಣ್ದಿದ್ರೂ ಕಂಡೆ ಅನ್ನು" ಅಂದ. ಬೈಗುಳವಿಲ್ಲ, ಜೋರಿಲ್ಲ. "ಖಾಲಿ ಹೊಟ್ಟೇಲಿ ಮಾತ್ರೆ ಹಾಕಿ ವಾಂತಿ ಆದ್ರೆ ಹೊಲಿಗೆ ಬಿಚ್ಕತದಂತೆ. ಕಣ್ಣು ಹೋದ್ರೆ ವಾಪಸ್ ಬರಾಕಿಲ್ಲ. ಒಂದ್ ಮಾತು ಕಣಮ್ಮ, ನಿನ್ ಕಾಲಿಗ್ ಬೀಳ್ತೀನಿ."

ನನಗೂ ಅದೇ ಸರಿ ಅನ್ನಿಸಿತು. ಒಂದು ಮಾತು. ತಿಮ್ಮಪ್ಪ ಅದಕ್ಕೆಲ್ಲ ಕೋಪ ಮಾಡಿಕೊಳ್ಳುವಷ್ಟು ಸಣ್ಣವನೇ? ಕಂಡೆ ಅಂತ ಹೇಳುವುದನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡೇ ಒಳಗೆ ಹೋದೆ. ನರ್ಸಮ್ಮ ಮಾತ್ರೆಯ ಜೊತೆ ನಿಂತಿದ್ದರು. ಅಜ್ಜಿ ಅಲ್ಲಾಡದೆ ಮಲಗಿದ್ದಳು. ತುಟಿ ಒಣಗಿ ಬಿಳಚಿತ್ತು. ನನ್ನ ಹೆಜ್ಜೆ ಕೇಳಿ ಕಿವಿಯನ್ನು ಒಂದಿಷ್ಟೇ ಈ ಕಡೆ ತಂದಳು. ಕಂಡೆಯಾ ಅಂತ ಅವಳು ಕೇಳಲಿಲ್ಲ. ಹೊಂಗೆಮರದ ಕೆಳಗೆ ಪ್ರತಿ ಶನಿವಾರ ಕೇಳುತ್ತಿದ್ದುದನ್ನೇ ಕೇಳಿದಳು.

"ಯಾರ್ಯಾರ್ ಬಂದಿದ್ರೇ?"

"ಕೋಲುಗಾಲಿನೋರು ಇದ್ರು ಅಜ್ಜಿ" ಅಂದೆ. ಅದು ತಾನಾಗಿಯೇ ಬಂದುಬಿಟ್ಟಿತು. "ಸೊಂಟ ಕುಣಿಸೋಳು ಕಲ್ ಮೇಲಿದ್ಲು. ಮರೆಗುಳಿ ಓಡ್ತಿದ್ಲು. ಆಮೇಲೆ ಕಳ್ಳ ಬಂದ. ಸಣ್ಣವೆಲ್ಲ ಎದ್ದೋದ್ವು."

"ಇಲ್ಲೂ ಬಂದಿದ್ನಾ ಅವ್ನು!" ಪಟ್ಟಿಯ ಕೆಳಗೆ ಅಜ್ಜಿಯ ಬಾಯಿ ನಕ್ಕಿತು. "ಗರುಡ?"

ಕಳ್ಳನನ್ನು ಹೇಳಿದ ಬಾಯಲ್ಲಿ ಆ ಸುಳ್ಳು ಏಳಲೇ ಇಲ್ಲ.

"ಬರ್ಲಿಲ್ಲ ಅಜ್ಜಿ."

"ಊಂ" ಅಂದಳು. "ದಿಟ ಹೇಳ್ದೆ. ಹಂಗಾರೆ ಮಾತ್ರೆ ಬ್ಯಾಡ ಕಣವ್ವ" ಅಂತ ನರ್ಸಮ್ಮನಿಗೆ ಹೇಳಿ ಬಾಯಿ ಮುಚ್ಚಿಕೊಂಡಳು.

ಮಾವ ಸಿಡಿದ. "ಒಂದ್ ಮಾತ್ ಹೇಳಾಕೆ ನಿಂಗೇನ್ ಧಾಡಿ ಬಂದಿತ್ತೇ!" ಛತ್ರವೆಲ್ಲ ಕೇಳುವಂತೆ ಕೂಗಿದ. ನರ್ಸಮ್ಮ ಗದರಿದರು. ಪಟ್ಟಿ ಕಟ್ಟಿದ ತಲೆಗಳೆಲ್ಲ ಯಾರು ಯಾರು ಅಂದವು. ನಾನು ಕಂಬಕ್ಕೆ ಒರಗಿ ಅಳುತ್ತಿದ್ದೆ. ಅಜ್ಜಿಯ ಕಣ್ಣು ಹೋದರೆ ನನ್ನಿಂದಲೇ ಹೋಯಿತು ಅನ್ನಿಸುತ್ತಿತ್ತು. ಕೂಗಿ ಕೂಗಿ ಮಾವನಿಗೇ ಸುಸ್ತಾಯಿತು. ಅಷ್ಟು ದೊಡ್ಡ ಮನುಷ್ಯ ಅಜ್ಜಿಯ ಹಾಸಿಗೆಯ ಪಕ್ಕ ನೆಲದ ಮೇಲೆ ಕುಕ್ಕರಿಸಿದ.

"ಅವ್ವ, ಯಾರಿಗೋಸ್ಕರ ಹೊತ್ತಿದ್ದು ಈ ಹರಕೆಯ?"

"ನಿಂಗೇ ಕಣ್ಲಾ."

"ಬದುಕಿದೀನೋ ಇಲ್ವೋ?"

"ಬಿಡ್ತು ಅನ್ನು. ಬದುಕಿದೀಯ."

"ಹಂಗಾರೆ ಇನ್ಮೇಲೆ ಅದನ್ನ ಹೊರೋನು ನಾನು. ನನ್ ಮೇಲೆ ಹಾಕ್ಬುಡು. ಶನಿವಾರ ಗರುಡನ್ನ ನೋಡೋಗಂಟ ನಾನು ತುತ್ತೆತ್ತಲ್ಲ. ನೀನು ಉಣ್ಣು."

ಅಜ್ಜಿ ಅವನ ದನಿಗೆ ಕಿವಿಗೊಟ್ಟಳು. ಆಮೇಲೆ, "ನಿನ್ ಕೈಲಿ ಆಯ್ತದೇನ್ಲಾ? ಹೊತ್ತೊತ್ತಿಗ್ ಮುದ್ದೆ ಇಲ್ದಿದ್ರೆ ಮನೆ ಮೇಲೆ ಕೆಳಗೆ ಮಾಡೋನು" ಅಂದಳು. "ಇವತ್ತೇನ್ ತಿಂದಿದೀಯ?"

ಮಾವ ಗೋಡೆಯ ಕಡೆ ನೋಡಿದ. ನಾನು ಆಗ ನೋಡಿದೆ. ಬೆಳಿಗ್ಗೆ ಹೋಟೆಲಿನಿಂದ ಕಟ್ಟಿಸಿಕೊಂಡು ಬಂದಿದ್ದ ದೋಸೆಯ ಪೊಟ್ಟಣ ಗೋಡೆಯ ಪಕ್ಕ ಬಿಚ್ಚದೆ ಹಾಗೇ ಇತ್ತು. ದಾರ ಕೂಡ ಸಡಿಲವಾಗಿರಲಿಲ್ಲ.

"ಮಾವ ಏನೂ ತಿಂದಿಲ್ಲ ಅಜ್ಜಿ" ಅಂದೆ.

ಅಜ್ಜಿ ಕೈ ಚಾಚಿ ಹುಡುಕಿದಳು. ಮಾವ ತಲೆ ಬಗ್ಗಿಸಿದ. ಅವಳ ಕೈಗೆ ಅವನ ತಲೆ ಸಿಕ್ಕಿತು. ಅದನ್ನು ಸವರಿದಳು. ಜ್ವರ ಬಂದಾಗ ಹೀಗೇ ಸವರುತ್ತಾ ಕೂತಿದ್ದಳೋ ಏನೋ. "ಸುಸೀಲಿ ಕಂಡೆ ಅಂದಿದ್ರೆ ಈ ಹೊಟ್ಟೆಬಾಕ ಈ ಮಾತು ಆಡ್ತಿರ್ಲಿಲ್ಲ ನೋಡು" ಅಂತ ನರ್ಸಮ್ಮನಿಗೆ ಹೇಳಿದಳು. ನರ್ಸಮ್ಮನಿಗೆ ತಲೆಬುಡ ಅರ್ಥವಾಗಿರಲಿಲ್ಲ. "ಕೊಡೇ ಗಂಜಿಯ."

ನಾನು ಚಮಚದಲ್ಲಿ ಗಂಜಿ ಕುಡಿಸಿದೆ. ಮಾವ ಪಕ್ಕದಲ್ಲಿ ಕೂತು ಒಂದೊಂದು ಚಮಚವನ್ನೂ ನೋಡುತ್ತಿದ್ದ. ಅವನ ಹೊಟ್ಟೆ ಗುರುಗುಟ್ಟಿದ್ದು ನನಗೂ ಕೇಳಿಸಿತು. ಅಜ್ಜಿಗಂತೂ ಕೇಳಿಸಿಯೇ ಇರಬೇಕು.

ಮಾವನಿಗೆ ಗರುಡ ಸಿಕ್ಕಿದ್ದು ಮರುದಿನ, ಅದೇ ಕೆರೆಯ ಮೇಲೆ. ಅಲ್ಲಿಂದ ನೇರವಾಗಿ ಹೋಟೆಲಿಗೆ ಹೋದನಂತೆ, ಎಷ್ಟು ದೋಸೆ ತಿಂದ ಅಂತ ಯಾರಿಗೂ ಹೇಳಲಿಲ್ಲ.

ಕನ್ನಡಕ ಬಂದದ್ದು ಯುಗಾದಿಗೆ ಸ್ವಲ್ಪ ಮುಂಚೆ. ಸೋಡಾಬುಡ್ಡಿಯ ಗಾಜು, ಅಜ್ಜಿಯ ಕಣ್ಣು ಅದರೊಳಗೆ ಎತ್ತಿನ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೊದಲ ದಿನ ಅತ್ತೆಯನ್ನು ನೋಡಿ, "ಇಷ್ಟ್ ಇಳಿದೋಗಿದೀಯಲ್ಲೇ" ಅಂದಳು. ಅಟ್ಟ ನೋಡಿ ಜೇಡರಬಲೆ ತೆಗೆದಿಲ್ಲ ಅಂತ ಬೈದಳು. ಶನಿವಾರ ಬೆಳಿಗ್ಗೆ ಮೂವರೂ ಕೆರೆಗೆ ಹೋದೆವು. ಹರಕೆ ಈಗ ಮಾವನದು. ಅಜ್ಜಿ ಗಂಜಿ ಕುಡಿದೇ ಬಂದಿದ್ದಳು. ಮಾವ ಸ್ನಾನ ಮಾಡಿ, ಖಾಲಿ ಹೊಟ್ಟೆಯಲ್ಲಿ, ಮುಖ ಗಂಟು ಹಾಕಿಕೊಂಡು ಬಂದಿದ್ದ.

ಕೆರೆ ನಡುವಿಗೆ ಇಳಿದಿತ್ತು. ಎಲ್ಲೆಲ್ಲೂ ಕೆಸರು, ಆ ವಾಸನೆ, ಹಕ್ಕಿಗಳು. ಅಜ್ಜಿ ಏರಿಯ ಮೇಲೆ ನಿಂತು ನೋಡಿಯೇ ನೋಡಿದಳು.

"ಅಯ್ಯೋ ನನ್ನಪ್ಪ! ಕಾಲು ದಿಟವಾಗ್ಲೂ ಕೆಂಪೇ! ಹೇಳ್ಬಾರ್ದಾಗಿತ್ತೇನೇ?"

"ಹೇಳಿದ್ದೆ ಅಜ್ಜಿ. ನೀನೇ ಸುಳ್ಳು ಬಡೀಬ್ಯಾಡ ಅಂದಿದ್ದೆ."

ಸ್ವಲ್ಪ ಹೊತ್ತಿಗೇ ಅರಳಿಮರದಿಂದ ಗರುಡ ಎದ್ದಿತು. ಬಿಸಿಲಿಗೆ ಕೆಂಪು ಮೈ, ಬಿಳಿ ಎದೆ. ನಿಧಾನವಾಗಿ ನಮ್ಮ ತಲೆಯ ಮೇಲೆ ಬಂತು. ಅಜ್ಜಿ ಕೈ ಮುಗಿದು ನಿಂತಳು. ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಮಾವನೂ ಕೈ ಮುಗಿದ, ತಕ್ಷಣ ಟವೆಲ್ ಕೊಡವಿಕೊಂಡ.

"ಆಯ್ತಲ್ಲವ್ವ, ನಡಿ. ಹೊಟ್ಟೆ ಚುರುಗುಟ್ತೈತೆ."

"ಇರ್ಲಾ. ಇನ್ನೊಬ್ನ ನೋಡ್ಬೇಕು" ಅಂತ ಅಜ್ಜಿ ಹೊಂಗೆಮರದ ಕೆಳಗೆ ಕೂತೇಬಿಟ್ಟಳು.

ಮಾವ ಒದ್ದಾಡಿದ. ನೀನು ಹೋಗಿ ಉಣ್ಣು ಅಂದರೂ ಹೋಗಲಿಲ್ಲ. ಬಿಸಿಲು ಏರಿತು. ಕಡೆಗೆ ಜೊಂಡಿನ ಆಚೆಯಿಂದ ಅವನು ಬಂದ. ಕೆಳಗೆ, ಸದ್ದಿಲ್ಲದೆ, ರೆಕ್ಕೆ ತುಸು ಮೇಲಕ್ಕೆತ್ತಿಕೊಂಡು. ಸಣ್ಣವೆಲ್ಲ ಭರ್ರನೆ ಎದ್ದವು. ಅಷ್ಟು ತಿಂಗಳು ಬರೀ ಸದ್ದಾಗಿದ್ದುದನ್ನು ಅಜ್ಜಿ ಅವತ್ತು ಮೊದಲ ಸಲ ಕಣ್ಣಲ್ಲಿ ನೋಡಿದಳು. ಎದ್ದು ನಿಂತು, ಗರುಡನಿಗೆ ಮುಗಿದ ಹಾಗೆಯೇ ಕೈ ಮುಗಿದಳು.

"ಅದಕ್ಯಾಕವ್ವ ಮುಗೀತೀಯ? ಅದು ಗರುಡ ಅಲ್ವಲ್ಲ" ಅಂದ ಮಾವ.

"ಗರುಡ ಅಲ್ಲ ಅಂತ ಈಗ ಗೊತ್ತಾಯ್ತೇನ್ಲಾ ನಿಂಗೆ?" ಅಂದಳು ಅಜ್ಜಿ. "ತಿಪಟೂರಲ್ಲಿ ಅವತ್ತು ಗರುಡ ಬರ್ಲಿಲ್ಲ, ಇವ್ನು ಬಂದ. ಇವ್ನು ಬಂದಿದ್ದಕ್ಕೆ ಇವ್ಳ ಬಾಯಲ್ಲಿ ದಿಟ ಬಂತು. ದಿಟ ಬಂದಿದ್ದಕ್ಕೆ ನೀನು ನನ್ ಹೊರೆ ಹೊತ್ತೆ. ನಂಗೆ ಗಂಜಿ ಕುಡಿಸ್ದೋನು, ಕಣ್ ಕೊಟ್ಟೋನು ಇವ್ನೇ ಕಣ್ಲಾ. ನೀನೂ ಮುಗಿ."

ಮಾವ ಟವೆಲ್ ಹೆಗಲಿಂದ ತೆಗೆದು ಕೈ ಮುಗಿದ. ನಾನೂ ಮುಗಿದೆ.

ಮುಂದಿನ ವರ್ಷ ನನಗೆ ಸೀಟು ಸಿಕ್ಕಿತು. ಅಜ್ಜಿ ಆ ಕನ್ನಡಕದಲ್ಲಿ ಇನ್ನೂ ಬಹಳ ವರ್ಷ ಅಟ್ಟ ನೋಡಿ ಬೈದಳು. ಮಾವ ಇರುವವರೆಗೆ ಶನಿವಾರ ಬಿಡಲಿಲ್ಲ. ಕೊನೆಕೊನೆಗೆ ಅವನಿಗೆ ಹೊಟ್ಟೆಯೂ ಇಳಿದಿತ್ತು, ಅದಕ್ಕೂ ಗರುಡನೇ ಕಾರಣ ಅಂತ ಅತ್ತೆ ಹೇಳುತ್ತಿದ್ದಳು.

ಮೊನ್ನೆಯೂ ಶನಿವಾರವೇ. ಹೊಂಗೆಮರ ಈಗಿಲ್ಲ, ತೂಬಿನ ಕಟ್ಟೆಯ ಮೇಲೆ ಕೂತೆ. ಹೊಸ ಕಣ್ಣಿಗೆ ಎಲ್ಲ ಎಷ್ಟು ಚೆನ್ನಾಗಿ ಕಂಡಿತೆಂದರೆ, ಕೋಲುಗಾಲಿನೋರ ಕಾಲಿನ ಕೆಂಪು ನಾನು ನೆನಪಿಟ್ಟುಕೊಂಡದ್ದಕ್ಕಿಂತ ಜಾಸ್ತಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಕೆಸರಿನ ಮೇಲಿದ್ದವೆಲ್ಲ ಭರ್ರನೆ ಎದ್ದವು. ಚೀಲ ಕೆಳಗಿಟ್ಟು, ಎದ್ದು ನಿಂತು ಕೈ ಮುಗಿದೆ.

ಏರಿಯ ಮೇಲೆ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದವನೊಬ್ಬ ನಿಂತ. ನನ್ನನ್ನೂ ಹಕ್ಕಿಯನ್ನೂ ನೋಡಿದ. ಪಾಪ ಅನ್ನಿಸಿರಬೇಕು.

"ಅದು ಗರುಡ ಅಲ್ಲ ಕಣಮ್ಮ" ಅಂದ.

"ಗೊತ್ತು ಕಣಪ್ಪ" ಅಂದೆ.